ನಲವತ್ತನೆಯ ಹೆಸರು

“ಸ್ವಲ್ಪ ಸರೀರಿ ನರ್ಸಮ್ಮ, ಕಾಲಿನ ಮೇಲೆ ಬಿದ್ದೀತು!”

ನರ್ಸಮ್ಮ ಗೋಡೆಗೆ ಒತ್ತಿಕೊಂಡು ನಿಂತರು. ಆರು ಮಂದಿ ಹೆಂಗಸರು ಕಬ್ಬಿಣದ ಬಿಲ್ಲೆಗಳನ್ನು ಮರದ ವೇದಿಕೆಯಿಂದ ಎತ್ತಿ ಮೂಲೆಗೆ ಸಾಗಿಸುತ್ತಿದ್ದರು. ಇಪ್ಪತ್ತು ಕಿಲೋದ ಬಿಲ್ಲೆಯನ್ನು ಊಟದ ತಟ್ಟೆಯ ಹಾಗೆ ಕಂಕುಳಲ್ಲಿಟ್ಟುಕೊಂಡು ಹೋಗುವವರು, ಆಗಾಗ ನಿಂತು ಭುಜಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬಳು ಟ್ರಾಫಿಕ್ ಪೊಲೀಸು, ಒಬ್ಬಳು ಗಣಿತದ ಮೇಡಂ, ಒಬ್ಬಳಿಗೆ ಮೂರು ಮಕ್ಕಳು. ಎಲ್ಲರೂ ಇದೇ ತಗಡಿನ ಸೂರಿನ ಕೆಳಗೆ ಭಾರ ಎತ್ತುವುದನ್ನು ಕಲಿತವರು.

ವೇದಿಕೆ ಖಾಲಿಯಾದ ಮೇಲೆ ಶವಪೆಟ್ಟಿಗೆಯನ್ನು ತಂದು ನಡುವೆ ಇಟ್ಟರು. ಕಲಿಸಿದವಳು ಅದರಲ್ಲಿ ಮಲಗಿದ್ದಳು. ಊರಿಗೆಲ್ಲ ಅವಳು ಕಬ್ಬಿಣದಕ್ಕ. ಒಂದು ಕಾಲಕ್ಕೆ ದೇಶದ ತಂಡದಲ್ಲಿದ್ದವಳು, ಪದಕವೇನೂ ತರದವಳು. ಐವತ್ತೈದು ವರ್ಷ. ಆರು ತಿಂಗಳ ಕಾಯಿಲೆ ಅವಳನ್ನು ಅರ್ಧ ಮಾಡಿತ್ತು. ಆದರೂ ಪೆಟ್ಟಿಗೆಯ ತುಂಬ ಭುಜವೇ ಕಾಣುತ್ತಿತ್ತು.

“ಅಂಗಡೀಲಿ ಸಿಕ್ಕಿದ ಪೆಟ್ಟಿಗೆ ಆಗಲಿಲ್ಲ ನರ್ಸಮ್ಮ,” ಎಂದ ಅವಳ ಗಂಡ. ಅವನು ಟೈಲರ್, ಕಡ್ಡಿಯಂಥ ಆಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ತೂಗುತ್ತಿತ್ತು. “ಅಳತೆ ನಾನೇ ತಗೊಂಡು ಬೇರೆ ಮಾಡಿಸ್ದೆ. ರೆಡಿಮೇಡ್ ಅಂಗಿ ಯಾವತ್ತಾದ್ರೂ ಅವಳಿಗೆ ಆಗಿದ್ರೆ ತಾನೆ?” ನಗಲು ಹೋದವನ ಬಾಯಿ ಸೊಟ್ಟಗಾಯಿತು.

ನರ್ಸಮ್ಮ ಅವನ ತೋಳು ಹಿಡಿದುಕೊಂಡರು. ಅಷ್ಟರಲ್ಲಿ ಅವರ ಕಣ್ಣು ಪೆಟ್ಟಿಗೆಯ ತಲೆಯ ಕಡೆ ಹೋಯಿತು. ಕುರ್ಚಿ ಹಾಕಿಕೊಂಡು, ಸತ್ತವಳ ಹಣೆಯ ಮೇಲಿನ ಕೂದಲನ್ನು ಬೆರಳಿನಲ್ಲೇ ಹಿಂದಕ್ಕೆ ಸವರುತ್ತ ಕೂತಿದ್ದವರು ತಮ್ಮ ಅತ್ತಿಗೆ. ತೀರಿಕೊಂಡ ಅಣ್ಣನ ಹೆಂಡತಿ.

ಎಂಬತ್ತೆರಡರ ಈ ಮುದುಕಿಗೂ ಕಬ್ಬಿಣದಕ್ಕನಿಗೂ ಎಲ್ಲಿಂದೆಲ್ಲಿಯ ನಂಟು? ಒಂದೇ ಊರಲ್ಲಿದ್ದೂ ಅತ್ತಿಗೆ ನಾದಿನಿಯರ ನಡುವೆ ಇಪ್ಪತ್ತೆಂಟು ವರ್ಷದಿಂದ ಹೇಳಿಕೊಳ್ಳುವಂಥ ಮಾತಿಲ್ಲ. ನೆಂಟರ ಮದುವೆಯಲ್ಲಿ ಎದುರಾದರೆ “ಚೆನ್ನಾಗಿದ್ದೀರಾ?” “ಇದ್ದೀನಮ್ಮ.” ಅಷ್ಟೇ. ಆಮೇಲೆ ಒಬ್ಬರು ಈ ಸಾಲಿನಲ್ಲಿ, ಒಬ್ಬರು ಆ ಸಾಲಿನಲ್ಲಿ.

“ನಮ್ಮ ಅತ್ತಿಗೆ ಇಲ್ಲಿ...?” ಎಂದು ಟೈಲರನನ್ನು ಮೆಲ್ಲಗೆ ಕೇಳಿದರು.

“ಅಮ್ಮಾನಾ? ಭಾನುವಾರ ಬಂತು ಅಂದ್ರೆ ಅವರು ನಮ್ಮನೇಲಿ, ಇಲ್ಲಾಂದ್ರೆ ನಾವು ಅವರ ಮನೇಲಿ. ನಮ್ಮ ಮದುವೇಲಿ ಅವಳ ಕಡೆ ಹಿರಿಯರು ಅಂತ ನಿಂತಿದ್ದೂ ಅವರೇ. ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ.

ಕ್ರೀಡಾ ಸಂಘದ ಹಳೆಯ ಕಾರ್ಯದರ್ಶಿ ಎರಡು ಮಾತಾಡಲು ನಿಂತರು. ಎರಡು ಹೋಗಿ ಇಪ್ಪತ್ತಾಯಿತು. “...ಆ ಪಿಡುಗಿನ ವರ್ಷದಲ್ಲಿ ಜಗತ್ತೇ ಬಾಗಿಲು ಹಾಕ್ಕೊಂಡಿತ್ತು. ಲಸಿಕೆ ಇಲ್ಲದೆ ಯಾರನ್ನೂ ಹೊರದೇಶಕ್ಕೆ ಬಿಡ್ತಿರಲಿಲ್ಲ. ಓಡಾಡಿ, ದೊಡ್ಡವರ ಕಾಲು ಹಿಡಿದು, ನಮ್ಮ ನಲವತ್ತು ಜನಕ್ಕೆ ಮೊದಲೇ ಸೂಜಿ ಹಾಕಿಸ್ದೆ. ಇಲ್ಲದಿದ್ರೆ ಈ ಮಗಳು ಆ ಕ್ರೀಡಾಕೂಟದ ಮುಖಾನೇ ನೋಡ್ತಿರಲಿಲ್ಲ.”

“ಅದನ್ನ ಹೆಮ್ಮೆಯಿಂದ ಹೇಳ್ಬೇಡಿ ಸಾರ್,” ಎಂದ ಹಿಂದೆ ನಿಂತಿದ್ದ ಬೇಕರಿಯವನು. “ಆವತ್ತು ಲಸಿಕೆ ಪಟ್ಟಿಯಿಂದ ನಮ್ಮಮ್ಮನ ಹೆಸರು ಹೊಡೆದುಹಾಕಿದ್ರು. ಹನ್ನೆರಡು ದಿನ ಬಾಗಿಲ ಚಿಲಕ ತೆಗೀದೆ ಕೂತಿದ್ವಿ. ಹೊರಗೆ ಯಾರಾದ್ರೂ ಕೆಮ್ಮಿದ್ರೆ ಜೀವ ಬಾಯಿಗೆ ಬರ್ತಿತ್ತು.”

“ಹತ್ತು ಹದಿನೈದು ವರ್ಷ ಬೆವರು ಸುರಿಸಿದ ಮಕ್ಕಳಪ್ಪ ಅವರು! ಮೈಯಲ್ಲಿ ಕಸುವಿರೋದು ನಾಲ್ಕು ದಿನ. ಅದು ಕಾಯುತ್ತಾ? ನಲವತ್ತೇ ನಲವತ್ತು ಸೂಜಿ.”

“ನಲವತ್ತು ಸೂಜಿ ಅಲ್ಲ ಸಾರ್. ನಲವತ್ತು ಮನೆ.”

ದನಿಗಳು ಏರತೊಡಗಿದವು. ಟೈಲರ್ ಕೈಯೆತ್ತಿದ. “ಅವಳ ಮುಂದೆ ಜಗಳ ಬೇಡ. ಇದನ್ನ ಕೇಳಿದವರಿಗೆಲ್ಲ ಅವಳು ಹೇಳ್ತಿದ್ದಿದ್ದು ಒಂದೇ ಮಾತು. ‘ಸರಿಯಲ್ಲ ಅಂತ ಗೊತ್ತಿತ್ತು. ಹೋಗ್ಬೇಕು ಅನ್ನೋ ಆಸೆ ಅದಕ್ಕಿಂತ ದೊಡ್ಡದಿತ್ತು. ತೋಳು ಚಾಚಿದೆ.’ ಅಷ್ಟೇ. ಒಂದು ಸಲಾನೂ ನೆಪ ಹೇಳಿದವಳಲ್ಲ.”

ಬೇಕರಿಯವನು ಕಣ್ಣು ಕೆಳಗೆ ಹಾಕಿದ. ನರ್ಸಮ್ಮನೂ ಹಾಕಿದರು. ಚಾಚಿದ ಆ ತೋಳಿಗೆ ಸೂಜಿ ಚುಚ್ಚಿದ್ದು ಅವರೇ.

*

ಲಸಿಕೆ ಬಂದ ಹೊಸತು. ಶಾಲೆಯೊಂದರ ಮೂರು ಕೋಣೆಗಳಲ್ಲಿ ಅರವತ್ತು ತುಂಬಿದವರಿಗೆ ದಿನಕ್ಕೆ ಇಷ್ಟು ಎಂದು ಕೊಡುತ್ತಿದ್ದರು. ನಾಳೆ ಯಾರು ಬರಬೇಕೆಂಬ ಪಟ್ಟಿಯನ್ನು ಹಿಂದಿನ ದಿನ ನರ್ಸಮ್ಮ ತಾವೇ ಬರೆದು ಬಾಗಿಲಿಗೆ ಅಂಟಿಸುತ್ತಿದ್ದರು.

ಆ ದಿನ ಮಧ್ಯಾಹ್ನ ಡಾಕ್ಟರ್ ಬಂದು, “ನಾಳಿನ ಪಟ್ಟಿಯಿಂದ ನಲವತ್ತು ಹೆಸರು ತೆಗೀರಿ. ಕ್ರೀಡಾಪಟುಗಳು ಬರ್ತಾರೆ. ಮೇಲಿನ ಆರ್ಡರ್,” ಎಂದರು.

“ಯಾರನ್ನ ತೆಗೀಲಿ ಡಾಕ್ಟ್ರೇ?”

“ವಯಸ್ಸು ಕಡಿಮೆ ಇರೋರನ್ನ. ನಿಮಗೇ ಬಿಟ್ಟಿದ್ದು.” ಅವರು ಮುಖ ಕೊಡದೆ ಹೊರಟುಹೋದರು.

ನರ್ಸಮ್ಮ ಕೆಂಪು ಪೆನ್ನು ಹಿಡಿದು ಕೂತರು. ಸರಿಯಾಗಿ ಅರವತ್ತರವರೆಲ್ಲ ಹೋದರು. ಮೂವತ್ತೊಂಬತ್ತು ಹೆಸರು. ನಲವತ್ತನೆಯದಕ್ಕೆ ಬಂದಾಗ ಅರವತ್ತೊಂದರವರು ಇಬ್ಬರು ಉಳಿದರು. ಒಬ್ಬಳು ಬೀದಿಯ ತಿರುವಿನಲ್ಲಿ ತರಕಾರಿ ಮಾರುವವಳು. ಇನ್ನೊಬ್ಬರು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವರು, ನರ್ಸಮ್ಮನ ಸ್ವಂತ ಅಣ್ಣ.

ಪೆನ್ನು ತುಂಬ ಹೊತ್ತು ಕಾಗದದ ಮೇಲೆ ನಿಂತೇ ಇತ್ತು. ತರಕಾರಿಯವಳು ದಿನಕ್ಕೆ ನೂರು ಜನರ ಮುಂದೆ ಕೂರುವವಳು ಎಂದುಕೊಂಡರು. ಅದು ನಿಜವೇ. ಆದರೆ ಕೈ ನಡೆಸಿದ್ದು ಆ ನಿಜವಲ್ಲ, ಅಣ್ಣನನ್ನು ಉಳಿಸಿಕೊಂಡಳು ಎಂದು ನಾಳೆ ಜನ ಆಡಿಕೊಂಡರೆ ಎಂಬ ಭಯ. ಅಣ್ಣನ ಹೆಸರಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ‘ಮುಂದಿನ ಸಲ’ ಎಂದು ಬರೆದರು.

ಮರುದಿನ ಆಟಗಾರರು ಬಂದರು. ಸಾಲಿನ ಕೊನೆಯಲ್ಲಿ ಬಾಗಿಲಗಲ ಭುಜದ ಹುಡುಗಿ. ತೋಳಿನ ಬಟ್ಟೆ ಮೇಲಕ್ಕೇರಿಸುತ್ತ ಕೇಳಿದಳು, “ಇದು ಯಾರ ಪಾಲಿಂದು ಅಕ್ಕ?”

“ಹಾಕಿಸ್ಕೋಬೇಕು ಅಂತಾನೇ ಬಂದಿದ್ದೀಯ. ತಿಳ್ಕೊಂಡು ಏನ್ಮಾಡ್ತೀಯ? ತೋಳು ಸಡಿಲ ಬಿಡು.”

ಮುಂದಿನ ಸಲ ಎನ್ನುವುದು ಬರಲು ಹನ್ನೆರಡು ದಿನ ಹಿಡಿಯಿತು. ಒಂಬತ್ತನೆಯ ದಿನ ಅಣ್ಣನಿಗೆ ಜ್ವರ ಬಂತು. ತಿಂಗಳು ತುಂಬುವ ಮೊದಲೇ ಅಣ್ಣ ಇರಲಿಲ್ಲ.

ಆ ಹುಡುಗಿ ಹೋದಲ್ಲಿ ಮೂರು ಸಲ ಎತ್ತಿದಳು, ಮೂರು ಸಲವೂ ಬೀಳಿಸಿದಳು. ವಾಪಸು ಬಂದವಳು ಮನೆಗೆ ಹೋಗದೆ ನೇರ ಲಸಿಕೆಯ ಕೋಣೆಗೆ ಬಂದು ನಿಂತಳು.

“ಸೋತು ಬಂದೆ ಅಕ್ಕ. ಆದ್ರೆ ಸೂಜಿ ಮೈಯಲ್ಲಿದೆಯಲ್ಲ, ನಾನು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಹೊರೋ ಕೆಲಸ ಏನಾದ್ರೂ ಇದ್ರೆ ಹೇಳಿ.”

ಅಣ್ಣ ಹೋಗಿ ಇನ್ನೂ ವಾರ ಕಳೆದಿರಲಿಲ್ಲ. “ಹೊರ್ತೀಯಾ? ಹಾಗಾದ್ರೆ ನಮ್ಮಣ್ಣನ್ನ ಹೊತ್ಕೊಂಡು ಬಾ ಹೋಗು! ನಿನ್ನ ಮೈಯಲ್ಲಿರೋದು ಅವನ ಪಾಲಿಂದು!”

ಕೆಂಪು ಪೆನ್ನಿನ ಮಾತು ಮಾತ್ರ ನರ್ಸಮ್ಮನ ಬಾಯಿಂದ ಬರಲಿಲ್ಲ. ಹುಡುಗಿಯ ಮುಖ ಸುಣ್ಣದ ಗೋಡೆಯಾಯಿತು. “ಮನೆ ಎಲ್ಲಿ?” ಎಂದಷ್ಟೇ ಕೇಳಿದಳು. ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡು ಹೋದಳು.

ನಾಲ್ಕು ದಿನ ಬಿಟ್ಟು ಮತ್ತೆ ಬಂದಳು, ಬೆನ್ನಿಗೊಂದು ಮರದ ಕುರ್ಚಿ ಬಿಗಿದುಕೊಂಡು. ಮೆಟ್ಟಿಲು ಇಳಿಯಲಾಗದೆ ಲಸಿಕೆ ತಪ್ಪಿಸಿಕೊಳ್ಳುತ್ತಿದ್ದವರನ್ನು ಅದರಲ್ಲಿ ಕೂರಿಸಿಕೊಂಡು ತರತೊಡಗಿದಳು. ನಾಲ್ಕನೆಯ ಮಹಡಿಯಿಂದ ಇಳಿಯುವಾಗ ದಢೂತಿ ಮೇಷ್ಟ್ರೊಬ್ಬರು, “ಬೀಳಿಸಿಬಿಟ್ಟೀಯ ಹುಡುಗಿ!” ಎಂದು ಕಿರುಚಿದರಂತೆ. “ಬೀಳಿಸೋದನ್ನೆಲ್ಲ ಹೊರದೇಶದಲ್ಲೇ ಮುಗಿಸ್ಕೊಂಡು ಬಂದಿದ್ದೀನಿ ಮೇಷ್ಟ್ರೇ, ಇಲ್ಲಿ ಬೀಳ್ಸಲ್ಲ,” ಎಂದಳಂತೆ. ಸಾಲಿನಲ್ಲಿ ನಿಂತವರೆಲ್ಲ ಎಷ್ಟೋ ದಿನದ ಮೇಲೆ ನಕ್ಕರು. ಐದು ತಿಂಗಳು ಹೊತ್ತಳು. ಕಬ್ಬಿಣದಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ನರ್ಸಮ್ಮ ಅವಳೊಡನೆ “ಎಡಗಡೆ ಕೋಣೆ”, “ಮುಂದೆ ಹೋಗು” ಎಂಬುದನ್ನು ಬಿಟ್ಟು ಹೆಚ್ಚಿಗೆ ಆಡಲಿಲ್ಲ. ಆಮೇಲಿನ ವರ್ಷಗಳಲ್ಲಿ ದಾರಿಯಲ್ಲಿ ಸಿಕ್ಕರೆ ಅವಳು ನಿಂತು ನಮಸ್ಕಾರ ಹೇಳುತ್ತಿದ್ದಳು. ಇವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

*

ಪೆಟ್ಟಿಗೆ ಹೊರಲು ಬಂದಿದ್ದ ಗಂಡಸರನ್ನು ಶಿಷ್ಯೆಯರು ಪಕ್ಕಕ್ಕೆ ಸರಿಸಿದರು. ಆರು ಜನ ಮಂಡಿ ಬಗ್ಗಿಸಿ ಕೂತರು. ಟ್ರಾಫಿಕ್ಕಿನವಳು, “ಉಸಿರು. ಬೆನ್ನು ನೇರ. ಎತ್ತು,” ಎಂದಳು. ಅವಳ ಗುರುವಿನ ದನಿಯೇ ಅದು. ಪೆಟ್ಟಿಗೆ ಒಂದಿಷ್ಟೂ ವಾಲದೆ ಮೇಲೆದ್ದಿತು.

ಮಣ್ಣು ಹಾಕಿ ಮುಗಿದ ಮೇಲೆ ಜನ ಚದುರಿದರು. ಸ್ಮಶಾನದ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅತ್ತಿಗೆ ಒಬ್ಬರೇ ಕೂತು ಚಪ್ಪಲಿಯ ಮಣ್ಣು ಕೊಡವುತ್ತಿದ್ದರು. ನರ್ಸಮ್ಮ ಹೋಗಿ ಎದುರು ನಿಂತರು. ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ.

“ಅವಳು ನಿಮ್ಮ ಮನೆಗೆ ಬಂದಿದ್ಳಾ ಅತ್ತಿಗೆ?”

“ಬಂದಳು. ಬಾಗಿಲಲ್ಲೇ ನಿಂತು, ‘ನಿಮ್ಮ ಯಜಮಾನರಿಗೆ ಬರಬೇಕಾಗಿದ್ದ ಸೂಜಿ ನಾನು ಹಾಕಿಸ್ಕೊಂಡೆ, ಅದನ್ನ ಹೇಳೋಕೆ ಬಂದೆ’ ಅಂದಳು. ಮುಖದ ಮೇಲೆ ಬಾಗಿಲು ಹಾಕ್ದೆ. ಮಾರನೇ ದಿನ ಬಂದಳು. ಹಾಕ್ದೆ. ಮೂರನೇ ದಿನಾನೂ ಅಷ್ಟೇ. ನಾಲ್ಕನೇ ದಿನ ಬಾಗಿಲು ಹಾಕೋಕೂ ನನ್ನ ಕೈಯಲ್ಲಿ ತ್ರಾಣ ಇರಲಿಲ್ಲ ಕಣೆ. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಒಳಗೆ ಬಂದು ಅನ್ನಕ್ಕಿಟ್ಟಳು.”

ನರ್ಸಮ್ಮ ಒಂದು ಹೆಜ್ಜೆ ಹತ್ತಿರ ಬಂದರು. “ಅವಳು ನಿಮಗೆ ಅರ್ಧ ಹೇಳಿದ್ದಾಳೆ. ಅವಳಿಗೆ ಗೊತ್ತಿದ್ದಿದ್ದೇ ಅಷ್ಟು. ನಲವತ್ತನೇ ಹೆಸರಿಗೆ ಇಬ್ಬರಿದ್ರು. ಅಣ್ಣನ ಹೆಸರು ಹೊಡೆದಿದ್ದು... ನಾನು ಅತ್ತಿಗೆ. ನನ್ನ ಕೈಯಾರೆ.”

ಅತ್ತಿಗೆ ಚಪ್ಪಲಿಯನ್ನು ಕೆಳಗಿಟ್ಟು ಕಾಲು ತೂರಿಸಿದರು.

“ಗೊತ್ತು.”

“ಗೊತ್ತಾ?”

“ಪಟ್ಟಿ ಬಾಗಿಲಿಗೆ ಅಂಟಿಸಿದ್ದು ನೀನೇ ಅಲ್ವೇನೆ? ನಿಮ್ಮಣ್ಣ ಅವತ್ತೇ ಹೋಗಿ ನೋಡ್ಕೊಂಡು ಬಂದಿದ್ರು. ನಿನ್ನ ಕೋಳಿಕಾಲಿನ ಅಕ್ಷರ ಅವರಿಗೆ ಗೊತ್ತಾಗಲ್ವಾ? ನಗ್ತಾ ಬಂದ್ರು. ‘ನನ್ನ ತಂಗಿ ನನ್ನನ್ನೇ ಹೊಡೆದುಹಾಕಿದ್ದಾಳೆ ಕಣೆ. ತರಕಾರಿಯವಳನ್ನ ಬಿಟ್ಟು ನನ್ನ ಇಟ್ಕೊಂಡಿದ್ರೆ ನಾಳೆ ಅವಳ ಹತ್ರ ಸೊಪ್ಪು ಕೊಳ್ಳೋಕೆ ಯಾವ ಮುಖ ಇಟ್ಕೊಂಡು ಹೋಗ್ತಿದ್ದೆ?’ ಅಂದ್ರು. ಅವರಿಗೆ ಹೆಮ್ಮೆ. ನನಗೆ ಮೈಯೆಲ್ಲ ಉರಿ.”

“ಈಗ್ಲೂ ಸಿಟ್ಟಿದೆಯಾ?”

“ಇರಲ್ವಾ? ಹೆಸರು ಹೊಡೆದಿದ್ದಕ್ಕಲ್ಲ. ಅದು ಯಾವತ್ತೋ ಆರಿಹೋಯ್ತು. ಯಾರೋ ಹುಡುಗಿ, ಸಂಬಂಧ ಇಲ್ಲ, ಏನಿಲ್ಲ, ನಾಲ್ಕು ದಿನ ಬಾಗಿಲು ತಟ್ಟಿದಳು. ನೀನು ಮನೆಯವಳು. ಒಂದು ಮಾತು ಹೇಳೋಕೆ ಇಪ್ಪತ್ತೆಂಟು ವರ್ಷ ತಗೊಂಡೆ.”

ನರ್ಸಮ್ಮ ಬೆಂಚಿನ ತುದಿಗೆ ಕುಸಿದರು. ಅಳು ಬಂತು. ಅತ್ತಿಗೆ ಸಮಾಧಾನ ಮಾಡಲಿಲ್ಲ, ಅಳು ಮುಗಿಯುವವರೆಗೆ ಎದ್ದೂ ಹೋಗಲಿಲ್ಲ.

“ಅವಳು ಕೇಳ್ತಿದ್ದಳು,” ಎಂದರು ಆಮೇಲೆ. “‘ನಿಮ್ಮ ನಾದಿನಿ ಬರಲ್ವಾ ಅಮ್ಮ?’ ಅಂತ. ‘ಬಂದಾಗ ಬರ್ತಾಳೆ’ ಅಂತಿದ್ದೆ. ಈ ಭಾನುವಾರ ಬಾ. ಟೈಲರಪ್ಪನೂ ಬರ್ತಾನೆ. ಒಬ್ಬನೇ ಕೂತು ಉಣ್ಣೋದು ಅಭ್ಯಾಸ ಇಲ್ಲ ಅವನಿಗೆ.”

“ಬರ್ತೀನಿ.”

“ಬರ್ತೀನಿ ಅಂದ್ಮೇಲೆ ಬರಬೇಕು ಮತ್ತೆ.”

ಬಸ್ಸು ಬಂತು. ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಇಬ್ಬರು ಮುದುಕಿಯರನ್ನು ನೋಡಿ ಎದ್ದು ಜಾಗ ಬಿಟ್ಟಳು. ಒಂದೇ ಸೀಟು.

“ಕೂತ್ಕೊಳ್ಳಿ ಅತ್ತಿಗೆ, ದೊಡ್ಡವರು ನೀವು.”

“ನೀನು ಕೂತ್ಕೊ, ಬೆಳಗ್ಗಿಂದ ನಿಂತೇ ಇದ್ದೀಯ.”

“ನನಗೇನಾಗಿದೆ? ಗಟ್ಟಿಯಾಗಿದ್ದೀನಿ.”

“ನಾನೇನು ಮಂಚ ಹಿಡಿದಿದ್ದೀನಾ?”

ಬಸ್ಸು ಎರಡು ನಿಲ್ದಾಣ ದಾಟಿತು. ಖಾಲಿ ಸೀಟನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕಂಬಿ ಹಿಡಿದು ವಾಲಾಡುತ್ತಿದ್ದರು. “ಯಾರಾದ್ರೂ ಒಬ್ರು ಕೂತ್ಕೊಳ್ರಮ್ಮ, ದಾರಿ ಬಿಡಿ!” ಎಂದು ಕಂಡಕ್ಟರ್ ಕೂಗಿದ. ಆಗ ಇಬ್ಬರೂ ಒಟ್ಟಿಗೇ ಕೂತರು. ಅರ್ಧ ಸೀಟು ಒಬ್ಬರಿಗೆ, ಅರ್ಧ ಒಬ್ಬರಿಗೆ. ನರ್ಸಮ್ಮನ ಒಂದು ಕಾಲು ಪೂರ್ತಿ ದಾರಿಯಲ್ಲೇ ಚಾಚಿತ್ತು. ಮುಂದೆ ದೊಡ್ಡ ತಿರುವು ಬಂತು. ಅತ್ತಿಗೆ ಕಿಟಕಿಯಿಂದ ಕಣ್ಣು ತೆಗೆಯದೆಯೇ ಒಂದು ಕೈಯನ್ನು ಹಿಂದಿನಿಂದ ತಂದು, ನಾದಿನಿಯ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡರು.