ಎರಡು ಬೆರಳು ಹೆಚ್ಚು

"ಸುಲೋಚನಾ, ಈಶ್ವರಪ್ಪನ ಮಗಳು!"

ಗುಮಾಸ್ತ ಸತ್ಯಮೂರ್ತಿ ಕೂಗಿದ್ದು ತನ್ನ ಮಗಳ ಹೆಸರೇ ಎಂದು ಚಂದ್ರಮ್ಮನಿಗೆ ಒಮ್ಮೆಲೇ ನಂಬಿಕೆ ಬರಲಿಲ್ಲ. ಕೂಲಿಗೆಂದು ಗಂಡನ ಜೊತೆ ಬಂದ ಈ ತೆಲುಗು ಊರಿನಲ್ಲಿ, ಎರಡು ವರ್ಷದಿಂದ ಪ್ರತಿ ಸೋಮವಾರ ಅಂಗವಿಕಲರ ಈ ಆಫೀಸಿಗೆ ಬಂದು "ಇಂಕಾ ರಾಲೇದಮ್ಮಾ" ಅನ್ನಿಸಿಕೊಂಡು ಹೋದವಳು ಅವಳು. ಇನ್ನೂ ಬಂದಿಲ್ಲ ಎಂಬ ಆ ತೆಲುಗು ಮಾತು ಮಗಳಿಗೂ ಬಾಯಿಪಾಠವಾಗಿತ್ತು. ಬಂದರೆ ಕಾಗದ ಹಾಕುತ್ತೇವೆ ಎಂದೇನೋ ಆಫೀಸಿನವರು ಹೇಳಿದ್ದರು. ಆದರೆ ಕಾಗದ ಹಾಕುವುದೆಲ್ಲಿಗೆ? ಅರ್ಜಿಯಲ್ಲಿ ಬರೆಸಿದ್ದ ಬೆಂಜ್ ಸರ್ಕಲ್ಲಿನ ಗುಡಾರವನ್ನು ಕಾರ್ಪೊರೇಷನ್ನಿನವರು ಲಾರಿ ತಂದು ಎತ್ತಿಸಿದ್ದರು. ಈಗಿನ ಗುಡಾರ ಪಟಮಟದ ಕಾಲುವೆ ದಂಡೆಯ ಮೇಲಿತ್ತು. ಮನೆ ಕಟ್ಟಲು ಸರ್ಕಾರದ ಸೈಟು ಸಿಗಬೇಕೆಂದರೆ ರೇಷನ್ ಕಾರ್ಡು ಬೇಕು, ರೇಷನ್ ಕಾರ್ಡಿಗೆ ಮನೆ ನಂಬರು ಬೇಕು. ಮನೆಯೇ ಇಲ್ಲದವರು ನಂಬರನ್ನು ಎಲ್ಲಿಂದ ತರಬೇಕೋ ಯಾರೂ ಹೇಳುತ್ತಿರಲಿಲ್ಲ.

ಸತ್ಯಮೂರ್ತಿ ಗೋಣಿಚೀಲದಿಂದ ಕ್ಯಾಲಿಪರ್ ತೆಗೆದುಕೊಟ್ಟ. ಎರಡು ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಕೆಳಗೊಂದು ಕರಿ ಬೂಟು. ಪೋಲಿಯೋದಿಂದ ಸೋತ ಸುಲೋಚನಾಳ ಎಡಗಾಲಿಗೆ ಇನ್ನು ಇದೇ ಆಧಾರ. ಕಾಲುವೆ ಪಕ್ಕದ ಶಾಲೆಯ ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಎತ್ತಿ ಕೂಡಿಸೋಕೆ ನಮ್ಮಲ್ಲಿ ಆಯಾ ಇಲ್ಲಮ್ಮಾ. ನಾಲ್ಕು ಮೆಟ್ಟಿಲು ತಾನೇ ಹತ್ತಿ ಬರಲಿ, ಅವತ್ತೇ ಹೆಸರು ಬರ್ಕೋತೀನಿ." ಜೂನ್ ಬರಲು ಇನ್ನು ಎಂಟು ದಿನವಿತ್ತು.

"ಹಾಕಿ ನೋಡೇ, ಏನ್ ನೋಡ್ತಾ ಕುಂತೀಯ?" ಎಂದ ಈಶ್ವರಪ್ಪ. ಇವತ್ತು ಗಾರೆ ಕೆಲಸ ಬಿಟ್ಟು ಬಂದಿದ್ದ.

ಚಂದ್ರಮ್ಮನ ಕೈ ಮುಂದೆ ಹೋಗಲಿಲ್ಲ. ಅವಳ ಅಳುಕು ಅವಳಿಗೇ ಗೊತ್ತು.

ಎರಡು ವರ್ಷದ ಹಿಂದೆ ಅಳತೆ ತೆಗೆದದ್ದೂ ಇಂಥದೇ ಮೇ ತಿಂಗಳಲ್ಲಿ, ಇದೇ ಅಂಗಳದ ಕಬ್ಬಿಣದ ಬೆಂಚಿನ ಮೇಲೆ. ಮಗುವನ್ನು ನಿಲ್ಲಿಸಿ, ಬೆಂಚಿನಿಂದ ತೊಡೆಯವರೆಗೆ ಟೇಪು ಹಿಡಿಯುತ್ತಿದ್ದರು. "ಬೆಂಚು ಸುಡ್ತೈತೆ ಸ್ವಾಮಿ" ಎಂದು ಚಂದ್ರಮ್ಮ ಮಗಳ ಹಿಮ್ಮಡಿಯ ಕೆಳಗೆ ಟವೆಲು ಮಡಿಸಿ ಇಟ್ಟಿದ್ದಳು. ಬೆಂಚು ಸುಡುತ್ತಿದ್ದುದು ನಿಜ. ಆದರೆ ಬಿಸಿ ತಡೆಯಲು ಒಂದು ಮಡಿಕೆ ಸಾಕಿತ್ತು. ಅವಳು ಎರಡು ಬೆರಳು ದಪ್ಪ ಬರುವಷ್ಟು ಮಡಿಸಿದ್ದಳು. ಬೆಳೆಯುವ ಮಗುವಿನ ಲಂಗಕ್ಕೆ ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿದು ವರ್ಷವರ್ಷ ಬಿಚ್ಚುತ್ತಾ ಬರುವವಳಿಗೆ ಸರ್ಕಾರದ ವಸ್ತುವೂ ಬೇರೆಯಾಗಿ ಕಂಡಿರಲಿಲ್ಲ.

ವಿಷಯ ತಿಳಿದು ಈಶ್ವರಪ್ಪ ಕೆಂಡವಾಗಿದ್ದ. ಕಾಲಿಂಚು ತಪ್ಪಿದರೂ ಗೋಡೆ ಕೆಡವಿ ಕಟ್ಟುವ ಗಾರೆಯವನು ಅವನು. "ಸುಳ್ಳು ಅಳತೆ ಕೊಟ್ಟೀಯಲ್ಲೇ! ನಾಳೇನೇ ಬಂದ್ಬಿಟ್ರೆ? ದೊಡ್ಡದಾಗಿ ಮಗು ಮುಗ್ಗರಿಸಿದ್ರೆ?"

"ನಾಳೆ ಬರಲ್ಲ ಬಿಡು" ಎಂದಿದ್ದಳು ಚಂದ್ರಮ್ಮ. ಬಾಯಲ್ಲಿ ಹಾಗೆ ಅಂದರೂ, ಮಗಳ ಕಾಲನ್ನು ತಾನೇ ಕೆಡಿಸಿದೆನೇನೋ ಎಂಬ ಭಯ ಅವಳನ್ನು ಎರಡು ವರ್ಷ ಕೊರೆದಿತ್ತು.

ಕೊನೆಗೆ ಈಶ್ವರಪ್ಪನೇ ಕೂತು ಬೆಲ್ಟು ಬಿಗಿದ. ಮಂಡಿಯ ಕೀಲು ಮಂಡಿಗೇ ಬಂತು. ಮೇಲಿನ ಪಟ್ಟಿ ತೊಡೆಗೆ ಸರಿಯಾಗಿ ಕೂತಿತು. ಅವನು ಗೋಡೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. ಬೂಟು ಮಾತ್ರ ಬಿಗಿಯಾಗಿತ್ತು. ಪಾದದ ಉದ್ದಕ್ಕೆ ಏನು ಮಡಿಸಿಡಬೇಕೋ ಚಂದ್ರಮ್ಮನಿಗೆ ಅಂದು ಹೊಳೆದಿರಲಿಲ್ಲ.

"ಬೂಟಿನ ಮುಂದೆ ಕೊಯ್ಸಿದ್ರಾಯ್ತು" ಎಂದು ಗಂಡ ಅವಳ ಮುಖ ನೋಡದೆ ನಕ್ಕ. ಚಂದ್ರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸುಲೋಚನಾ ಗೋಡೆ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದಳು. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ನಿಂತು, "ಅಮ್ಮಾ, ಒಚ್ಚೇಸಿಂದಿ!" ಎಂದು ಕೂಗಿದಳು. ಬಂದುಬಿಟ್ಟಿತು ಅನ್ನುವುದನ್ನೂ ಅವಳು ಈ ಆಫೀಸಿನಲ್ಲೇ ಕಲಿತಿರಬೇಕು. ಯಾರಿಗೆ ಹೇಳಿದ್ದನ್ನು ಕೇಳಿದ್ದಳೋ.

ಅವತ್ತು ಕ್ಯಾಲಿಪರ್‌ಗೆಂದು ಬಂದಿದ್ದ ಉಳಿದ ಮಕ್ಕಳು ಕೂತಲ್ಲಿಂದ ಏಳಲಿಲ್ಲ. ಆ ಹದಿನಾರು ಮಕ್ಕಳಲ್ಲಿ ಒಬ್ಬರಿಗೂ ಅದು ಸರಿಹೊಂದಿರಲಿಲ್ಲ. ಎಲ್ಲವೂ ಎರಡು ವರ್ಷದ ಹಿಂದಿನ ಕಾಲಿಗೆ ಮಾಡಿದವು. ಸತ್ಯಮೂರ್ತಿ ಹೊಸ ಫಾರಂ ಹಂಚಿ, ಹೆಬ್ಬೆಟ್ಟು ಒತ್ತಿಸಿ ವಾಪಸು ತೆಗೆದುಕೊಂಡು, ಮತ್ತೆ ಅಳತೆ ಕೊಡಿ ಎಂದ. ಟೇಪಿನವನು ಬೆಂಚಿನ ಬಳಿ ಬಂದು ನಿಂತ. ಸಾಲಿನ ಮೊದಲಿಗೆ ಕನಕಲಕ್ಷ್ಮಿ ಮಗಳನ್ನೆತ್ತಿಕೊಂಡು ನಿಂತಿದ್ದಳು. ಎರಡು ವರ್ಷದ ಸೋಮವಾರಗಳಲ್ಲಿ ಚಂದ್ರಮ್ಮನಿಗೆ ಗೆಳತಿಯಾದವಳು.

ಚಂದ್ರಮ್ಮ ಹೆಗಲ ಮೇಲಿನ ಟವೆಲನ್ನು ಅವಳ ಕೈಗಿತ್ತು, ಎರಡು ಬೆರಳು ತೋರಿಸಿ, ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಕನಕಲಕ್ಷ್ಮಿ ಮಗಳನ್ನು ಬೆಂಚಿಗೆ ಇಳಿಸಿ, ಟವೆಲು ಮಡಿಸಿ, ಎರಡು ಬೆರಳು ಇಟ್ಟು ದಪ್ಪ ನೋಡಿದಳು.

"ಇಷ್ಟು ಸಾಕಾ ಅಕ್ಕಾ?"

ಚಂದ್ರಮ್ಮ ಆಫೀಸಿನ ಕಡೆ ತಿರುಗಿದಳು. ಸತ್ಯಮೂರ್ತಿ ಹೊಸ ಫಾರಂಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ.

"ಇನ್ನೊಂದು ಮಡಿಕೆ ಹಾಕವ್ವ" ಎಂದಳು.