ಅವ್ವನ ಸೊಲ್ಲಿಗೆ ಎಪ್ಪತ್ತೈದು ಸಾವಿರ

ನನ್ನ ಹೆಸರು ಚಿತ್ತೇಶ್. ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದುಗಡೆ ವಿಡಿಯೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ಯಾರಾದರೂ ದೊಡ್ಡ ಮನುಷ್ಯರು ಸತ್ತರೆ ಅದೂ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇದನ್ನು ಕೇಳಿದ ಮೇಲೂ ನಿಮಗೆ ಸಿಟ್ಟು ಬರದಿದ್ದರೆ ನೀವು ದೇವರಂಥವರು, ನಿಮಗೊಂದು ದೊಡ್ಡ ನಮಸ್ಕಾರ.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಬೆಂಗಳೂರಿನ ಒಂದು ಟಿವಿ ಚಾನೆಲ್ಲಿನವರು, ಹಳ್ಳಿ ಹಾಡುಗಳ ಮೇಲೆ ಅರ್ಧ ಗಂಟೆಯ ಚಿತ್ರ ಮಾಡಿಕೊಡಿ ಎಂದರು. ಎಲ್ಲ ಖರ್ಚೂ ಸೇರಿ ನಲವತ್ತು ಸಾವಿರ. ನಾನು ಕುಣಿದಾಡಿಬಿಟ್ಟೆ. ಹಾಡು ಎಂದರೆ ನಮ್ಮ ಗೊಲ್ಲರ ಹಟ್ಟಿ, ಹಟ್ಟಿ ಎಂದರೆ ನಮ್ಮ ದೊಡ್ಡವ್ವ ಕಾಳಕ್ಕ ಮತ್ತು ಅವಳ ತಂಗಿ, ನನ್ನ ಹೆತ್ತವ್ವ, ಭೂತಮ್ಮ. ಅಕ್ಕತಂಗಿಯರಿಬ್ಬರೂ ಕೂತು ಕರಿಕಂಬಳಿ ಪದ ಹೇಳಿದರೆ ಹುಳಿಯಾರು ಕಡೆಯ ಹಟ್ಟಿಗಳಿಂದಲೂ ಜನ ಬರುತ್ತಿದ್ದರು. ಮೂರು ದಿನದ ಜಡಿಮಳೆಯಲ್ಲಿ ಕುರಿಮರಿಗಳನ್ನೆಲ್ಲ ಒಂದೇ ಕಂಬಳಿಯಡಿ ಕಾಪಾಡಿ, ಹಟ್ಟಿಗೆ ದೇವರಾದ ಹಿರಿಯನೊಬ್ಬನ ಪದ ಅದು. ದೊಡ್ಡವ್ವ ಸಾಲು ಎತ್ತಿಕೊಡುತ್ತಿದ್ದಳು. ಅವ್ವ ಸೊಲ್ಲು ಹಿಡಿಯುತ್ತಿದ್ದಳು, ಎಂದರೆ ಆ ಸಾಲಿನ ಕೊನೆಯನ್ನು ಎತ್ತಿಕೊಂಡು ತಿರುಗಿ ಹೇಳುತ್ತಿದ್ದಳು.

ಅವ್ವ ತೀರಿಕೊಂಡು ಆಗ ಮೂರು ವರ್ಷ. ಅಲ್ಲಿಂದ ದೊಡ್ಡವ್ವ ಆ ಪದದ ಸುದ್ದಿಗೇ ಹೋಗಿರಲಿಲ್ಲ. ನಮ್ಮ ಹಟ್ಟಿಯ ಕಟ್ಟು ಹಾಗಿದೆ. ಸೊಲ್ಲಿನ ಜೊತೆಗಾತಿ ಸತ್ತರೆ ಆ ಪದವನ್ನು ಇನ್ನೊಬ್ಬಳ ಜೊತೆ ಹೇಳುವಂತಿಲ್ಲ, ಒಬ್ಬಳೇ ಹೇಳುವಂತೆಯೂ ಇಲ್ಲ. ಸಾಲು ಎತ್ತಿಕೊಟ್ಟು ಸೊಲ್ಲು ಬರದೇ ಹೋದರೆ, ಸತ್ತವಳನ್ನು ಕರೆದು ಹೊರಗೇ ನಿಲ್ಲಿಸಿದಂತೆ. ಅವಳು ಒಳಕ್ಕೂ ಬರಲಾರಳು, ಹಿಂದಕ್ಕೂ ಹೋಗಲಾರಳು ಎನ್ನುತ್ತಾರೆ.

ನಾನು ದೊಡ್ಡವ್ವನ ಹತ್ತಿರ ಕೂತು ಬಿಡಿಸಿ ಹೇಳಿದೆ. "ಅವತ್ತು ತಿಪಟೂರ್ನಾಗೆ ನೀವಿಬ್ರೂ ಹಾಡಿದ ಕ್ಯಾಸೆಟ್ನಾಗೆ ಅವ್ವನ ದನಿ ಐತಲ್ಲ. ನೀನು ಸಾಲು ಹೇಳಿ ಒಂದು ಗಳಿಗೆ ತಡಿ. ಆ ಜಾಗದಾಗೆ ನಾನು ಅವ್ವನ ಸೊಲ್ಲು ಕೂರುಸ್ತೀನಿ."

"ನಿಜವಾಗ್ಲೂ ಬತ್ತಾಳೇನ್ಲಾ?"

"ಬತ್ತಾಳೆ ದೊಡ್ಡವ್ವ. ಟಿವಿನಾಗೆ ಇಡೀ ನಾಡೇ ಕೇಳ್ತದೆ."

"ನಿಮ್ಮವ್ವನಾಣೆ?"

"ನಮ್ಮವ್ವನಾಣೆ," ಎಂದೆ ನಾನು, ಮಹಾ ಬುದ್ಧಿವಂತ.

ದೊಡ್ಡವ್ವ ಹಾಡಿದಳು. ಒಂದೊಂದು ಸಾಲು ಮುಗಿದಾಗಲೂ ತಡೆದು ಎಡಕ್ಕೆ ತಿರುಗಿ ನೋಡುತ್ತಿದ್ದಳು, ಅವ್ವ ಯಾವಾಗಲೂ ಕೂರುತ್ತಿದ್ದ ಕಡೆಗೆ. ನಾನು ಸ್ಟುಡಿಯೋಗೆ ಬಂದು ಹತ್ತು ವರ್ಷದ ಹಿಂದಿನ ಕ್ಯಾಸೆಟ್ಟಿನಿಂದ ಅವ್ವನ ದನಿಯನ್ನು ಬಿಡಿಸಿ ಆ ಖಾಲಿ ಜಾಗಗಳಿಗೆ ಜೋಡಿಸಿದೆ. ಜೋಡಿಸಿ ಹಾಕಿ ನೋಡಿದರೆ, ಅಬ್ಬಾ! ದೊಡ್ಡವ್ವ ಕರೆಯುತ್ತಾಳೆ, ಅವ್ವ ಓಗೊಡುತ್ತಾಳೆ. ಮಕ್ಕಳ ತಂದೆ ನಾನು, ಬಾಗಿಲು ಹಾಕಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಟೇಪು ಕಳಿಸಿದ ನಾಲ್ಕನೇ ದಿನಕ್ಕೆ ಚಾನೆಲ್ಲಿನ ಜೀವಿತಾ ಎಂಬ ಹುಡುಗಿ ಫೋನ್ ಮಾಡಿದಳು. "ಸರ್, ತುಂಬಾ ಚೆನ್ನಾಗಿದೆ. ಆದ್ರೆ ಇದು ಸಿನಿಮಾದಲ್ಲಿ ಬಂದಿರೋ ಹಾಡಲ್ವಾ? ಕ್ಯಾಸೆಟ್ ಕಂಪನಿಯಿಂದ ಒಪ್ಪಿಗೆ ಪತ್ರ ಬೇಕು ಸರ್. ಅದಿಲ್ದೆ ಹಾಕೋಕೆ ಆಗಲ್ಲ."

ಬಂದಿತ್ತು, ಸಿನಿಮಾದಲ್ಲಿ ಬಂದಿತ್ತು. ಅವ್ವ ಬದುಕಿದ್ದಾಗಲೇ, ಯಾವುದೋ ಕುಣಿತದ ಹಾಡಿನ ಮೊದಲಿಗೆ ಆ ಕ್ಯಾಸೆಟ್ಟಿನಿಂದ ಅವಳ ಸೊಲ್ಲನ್ನು ಕತ್ತರಿಸಿ ಅಂಟಿಸಿದ್ದರು. ತಿಪಟೂರು, ತುರುವೇಕೆರೆ ಬಸ್ಸುಗಳಲ್ಲೆಲ್ಲ ಅದೇ ಹಾಡು. ಅವ್ವ ಒಂದು ಸಲ ಬಸ್ಸಿನಲ್ಲಿ ತನ್ನ ದನಿ ತಾನೇ ಕೇಳಿ ನಾಚಿಕೊಂಡು ಮುಖಕ್ಕೆ ಸೆರಗು ಎಳೆದುಕೊಂಡಿದ್ದಳು. ನಾವೂ ದಡ್ಡರ ಹಾಗೆ ಹಿಗ್ಗಿ ಹೀರೇಕಾಯಾದೆವು. ಕಾಸಿನ ಮಾತು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಬೆಂಗಳೂರಿಗೆ ಹೋಗಿ ಆ ಕಂಪನಿಯ ಆಫೀಸು ಹುಡುಕಿದೆ. ಜ್ಞಾನೇಶ್ ಎಂಬ ಮ್ಯಾನೇಜರು ಕಾಫಿ ತರಿಸಿಕೊಟ್ಟ. ಮಾತೋ ಬೆಣ್ಣೆ.

"ಹಿಟ್ ಹಾಡು ಸರ್ ಅದು. ಟಿವಿಗೆ ಒಂದ್ಸಲ ಹಾಕೋಕೆ ಒಂದೂವರೆ ಲಕ್ಷ. ನೀವು ಮನೆಯವರು, ಅರ್ಧಕ್ಕೆ ಮಾಡಿಕೊಡೋಣ. ಎಪ್ಪತ್ತೈದು ಸಾವಿರ."

"ನನ್ನ ಇಡೀ ಚಿತ್ರಕ್ಕೇ ನಲವತ್ತು ಕಣ್ರೀ! ಹಾಡಿರೋಳು ನಮ್ಮವ್ವ!"

"ಅದಕ್ಕೇ ಸರ್, ಅರ್ಧ."

ಕಾಫಿ ಲೋಟ ಅವನ ಮೇಲೆ ಎಸೆಯುವುದೊಂದು ಬಾಕಿ. "ನಮ್ಮ ಹಟ್ಟಿ ಪದ ನಿಮ್ಮದು ಹೆಂಗಾಯ್ತು? ತೋರ್ಸಿ," ಎಂದೆ. ಅವನು ಬೇಜಾರು ಮಾಡಿಕೊಳ್ಳದೆ ಎದ್ದು ಹೋಗಿ ಒಂದು ಫೈಲು ತಂದು ಬಿಚ್ಚಿ ನನ್ನ ಮುಂದೆ ತಿರುಗಿಸಿ ಇಟ್ಟ. ನೋಡಿದರೆ ನನ್ನದೇ ಅಕ್ಷರ.

ತೊಂಬತ್ನಾಲ್ಕರಲ್ಲಿ ತಿಪಟೂರಿನ ಒಂದು ಛತ್ರದಲ್ಲಿ ಆ ಕ್ಯಾಸೆಟ್ ರೆಕಾರ್ಡಿಂಗ್ ನಡೆದಿತ್ತು. ಪಿಯುಸಿ ಓದಿದವನು ನಾನೊಬ್ಬನೇ, ಅದಕ್ಕೇ ಕಾಗದಪತ್ರಕ್ಕೆಂದು ಜೊತೆಗೆ ಹೋಗಿದ್ದೆ. ಕಂಪನಿಯವನು ಫಾರಂ ಕೊಟ್ಟು, ಈ ಹಾಡು ಯಾರದು, ಸಾಹಿತ್ಯ ಯಾರದು, ಸಂಗೀತ ಯಾರದು, ತುಂಬಿ ಎಂದ. ನಿಮ್ದು ಅಂತ ಬರೀಲಾ ಎಂದು ಅವ್ವನನ್ನೂ ದೊಡ್ಡವ್ವನನ್ನೂ ಕೇಳಿದೆ. ಇಬ್ಬರೂ ಗಲ್ಲ ಗಲ್ಲ ಬಡಿದುಕೊಂಡರು. "ಬ್ಯಾಡ ಕಣಪ್ಪ! ದೇವರ ಪದಾನ ನಮ್ದು ಅಂದ್ರೆ ನಾಲಿಗೆ ಬಿದ್ದೋಗ್ತದೆ. ನಮ್ದಲ್ಲ ಅಂತ ಬರಿ," ಎಂದಳು ದೊಡ್ಡವ್ವ. ನಾನು ಮೂರೂ ಕಡೆ ಗುಂಡಗೆ, ಚಂದವಾಗಿ, "ನಮ್ಮದಲ್ಲ" ಎಂದು ಬರೆದೆ. ಅದರ ಕೆಳಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಅದರ ಕೆಳಗೆ ಕಂಪನಿಯವನು ತನ್ನ ಯಜಮಾನನ ಹೆಸರು ಬರೆದುಕೊಂಡ. ನಮಗೆ ಎರಡು ಸೀರೆ, ಎಂಟುನೂರು ರೂಪಾಯಿ, ಹೋಟೆಲಿನಲ್ಲಿ ಊಟ.

ಬದುವಿನ ಮೇಲೆ ಬಿದ್ದ ಒಂದು ತೆಂಗಿನಕಾಯಿ ನಮ್ಮದು ಎಂದು ಅಣ್ಣತಮ್ಮಂದಿರು ತಲೆ ಒಡೆದುಕೊಳ್ಳುವ ಸೀಮೆ ಇದು. ಅಂಥ ಕಡೆ ಹುಟ್ಟಿ ನಾವು ಮೂವರು, ಯಾರೂ ಹೆದರಿಸದೆ, ಯಾರೂ ಬಲವಂತ ಮಾಡದೆ, ನಮ್ಮದಲ್ಲ ಎಂದು ಬರೆದುಕೊಟ್ಟು ಹೊಟ್ಟೆತುಂಬ ಉಂಡು ಬಂದಿದ್ದೆವು.

"ಹೋಗ್ಲಿ, ಅವ್ವನ ದನಿ ತೆಗಿತೀನಿ. ದೊಡ್ಡವ್ವ ಈಗ ಹೇಳಿರೋದಾದ್ರೂ ಇರ್ಲಿ," ಎಂದೆ.

"ಪದಾನೂ ನಮ್ಮದೇ ಸರ್. ಮನೇಲಿ ಹಾಡ್ಕೊಳ್ಳಲಿ ಬಿಡಿ, ನಮ್ಮದೇನೂ ಅಭ್ಯಂತರ ಇಲ್ಲ."

"ನಮ್ಮ ಹಟ್ಟೀಲಿ ನಾವು ಹಾಡಾಕೆ ನಿನ್ನ ಅಪ್ಪಣೆ ಬೇಕೇನಯ್ಯಾ?" ಎಂದು ಕುರ್ಚಿ ಒದ್ದೆ. ವಾಚ್‌ಮನ್ ಬಂದು ನನ್ನ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದ. ಊರಿಗೆ ಬಂದು ವಕೀಲ ವೀರಭದ್ರಯ್ಯನವರನ್ನು ಕೇಳಿದೆ. ಕೈಯಾರೆ ಬರೆದುಕೊಟ್ಟು ಹತ್ತು ವರ್ಷ ಆದ ಮೇಲೆ ಏನೂ ಮಾಡುವ ಹಾಗಿಲ್ಲ ಎಂದರು. ಜೀವಿತಾಳಿಗೆ ಫೋನ್ ಮಾಡಿದೆ. ಹಾಡಿನ ಜಾಗಕ್ಕೆ ಬೇರೆ ಮ್ಯೂಸಿಕ್ ಹಾಕಿ ಅಡ್ಜಸ್ಟ್ ಮಾಡ್ತೀವಿ ಸರ್ ಎಂದಳು. ಪಾಪ, ಅವಳದೇನು ತಪ್ಪು.

ಇಷ್ಟೆಲ್ಲ ಆಗಿದ್ದನ್ನು ದೊಡ್ಡವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಚಿತ್ರ ಟಿವಿಯಲ್ಲಿ ಬರುವ ಭಾನುವಾರ ಬಂದುಬಿಟ್ಟಿತು.

ಬೆಳಿಗ್ಗೆ ಒಂಬತ್ತು ಗಂಟೆಗೆ ಹನುಮಂತರಾಜು ಮನೆಯ ಟಿವಿ ಮುಂದೆ ಹಟ್ಟಿಗೆ ಹಟ್ಟಿಯೇ ಸೇರಿತ್ತು. ದೊಡ್ಡವ್ವ ಒಗೆದ ಸೀರೆಯುಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಳು, ತನ್ನ ಎಡಗಡೆ ಯಾರನ್ನೂ ಕೂರಗೊಡದೆ. ಟಿವಿಯಲ್ಲಿ ಅವಳ ಮುಖ ಬಂತು, ಬಾಯಿ ತೆರೆಯಿತು, ಕೀಬೋರ್ಡು ಕುಂಯ್ಯೆಂದಿತು. ಟಿವಿಯೊಳಗಿನ ದೊಡ್ಡವ್ವ ತಡೆದಳು, ಎಡಕ್ಕೆ ತಿರುಗಿ ನೋಡಿದಳು. ಅಲ್ಲೂ ಕೀಬೋರ್ಡೇ. "ಸೌಂಡ್ ಕೊಡ್ರಲಾ," ಎಂದು ಯಾರೋ ಕೂಗಿದರು. ಹನುಮಂತರಾಜು ಎದ್ದು ಟಿವಿಯ ತಲೆಗೆ ಎರಡು ಬಡಿದ.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ಭೂತಿ ಎಲ್ಲೋ?"

ಅಷ್ಟು ಜನರ ಎದುರಿಗೆ ಎಲ್ಲವನ್ನೂ ಹೇಳಿದೆ. ಎಪ್ಪತ್ತೈದು ಸಾವಿರ, ಫಾರಂ, ನನ್ನ ಅಕ್ಷರ, ಅವರ ಹೆಬ್ಬೆಟ್ಟು. ಬೈದಿದ್ದರೆ ಚೆನ್ನಾಗಿತ್ತು, ಪೊರಕೆ ತಗೊಂಡಿದ್ದರೂ ಚೆನ್ನಾಗಿತ್ತು. ಅವಳು ಎದ್ದು ಮನೆಗೆ ಹೋದಳು.

ಬುಧವಾರ ನನ್ನ ಸ್ಟುಡಿಯೋ ಬಾಗಿಲಿಗೆ ಬಂದಳು. ಅವಳು ಒಬ್ಬಳೇ ಬಸ್ ಹತ್ತಿದ್ದು ಅದೇ ಮೊದಲು. ಬಾಡಿಹೋಗಿದ್ದಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಆ ಕಾಗ್ದ ಬರ್ದೋನು ನೀನೇ ತಾನೆ? ಇನ್ನೊಂದು ಬರಿ."

"ಏನಂತ ದೊಡ್ಡವ್ವ?"

"ನಮ್ದು ಅಂತ. ಪದ ನಮ್ದು, ನಂದು, ಭೂತೀದು, ಅಂತ ಬರಿ. ಅವ್ರಿಗೆ ಕಳ್ಸು. ಅವ್ಳ ದನಿ ಕೊಡ್ಲಿ."

"ದೇವರ ಪದ ದೊಡ್ಡವ್ವ…"

"ನಂಗೊತ್ತಿಲ್ವೇನ್ಲಾ? ನೀನು ನಂಗೆ ಹೇಳಿಕೊಡ್ತೀಯಾ?" ದನಿ ಏರಿತು, ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. "ನಾಲಿಗೆ ನಂದು, ಬಿದ್ರೆ ಬಿದ್ದೋಗ್ಲಿ ಬುಡು. ನಾನು ಕರ್ದುಬುಟ್ಟಿದ್ದೀನಿ ಕಣ್ಲಾ ಅವ್ಳನ್ನ. ಹೊರಗ್ ನಿಂತವ್ಳೆ. ಬಾಗ್ಲು ತೆಗೆದ್ರೂ ಅಲ್ಲೇ, ಹಾಕಿದ್ರೂ ಅಲ್ಲೇ. ಎಷ್ಟು ದಿನಾಂತ ನಿಲ್ಸಾನಾ? ಬರಿ!"

ಆ ಕಾಗದ ಮೂರು ಕಾಸಿಗೂ ಬಾಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬಿಳಿ ಹಾಳೆ ತೆಗೆದು "ಕರಿಕಂಬಳಿ ಪದ ನಮ್ಮದು" ಎಂದು ಬರೆದೆ. ಅವಳು ಓದಿಸಿ ಕೇಳಿದಳು. ಎರಡನೇ ಸಲವೂ ಓದಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಒಂದು ಕೈಯಿಂದ ಬಾಯಿ ಭದ್ರವಾಗಿ ಮುಚ್ಚಿಕೊಂಡು, ಇನ್ನೊಂದು ಕೈಯ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಹಾಳೆಯ ಮೇಲೆ ಒತ್ತಿದಳು.

ಬಾಯಿಂದ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು. ತೆಗೆದು, ಮೆಲ್ಲಗೆ ಕೇಳಿದಳು.

"ಇನ್ ಕೊಡ್ತಾರೇನ್ಲಾ?"

"ಕೊಡ್ತಾರೆ ದೊಡ್ಡವ್ವ," ಎಂದೆ.