ಒಂದು ಬೆರಳಗಲದ ಕತ್ತಲೆ

ನಲವತ್ತೊಂದು ವರ್ಷ ರೇಡಿಯೊ ರಿಪೇರಿ ಅಂಗಡಿ ನಡೆಸಿದವನು ನಾನು. ಅಷ್ಟೂ ವರ್ಷದಲ್ಲಿ ‘ಇದನ್ನು ನಾನೇ ಕೆಡಿಸಿದೆ’ ಎಂದು ಯಾವ ಗಿರಾಕಿಗೂ ಹೇಳಿದವನಲ್ಲ. ಪಾರ್ಟು ಸಿಗುವುದಿಲ್ಲ, ಮಾಡೆಲ್ಲು ಹಳೆಯದು, ಒಳಗೆ ನೀರು ಹೋಗಿದೆ, ಹಿಂದೆ ಯಾರೋ ಕೈ ಹಾಕಿದ್ದಾರೆ. ನಮ್ಮ ಕಸುಬಿನಲ್ಲಿ ಈ ನಾಲ್ಕು ಮಾತು ಗೊತ್ತಿದ್ದರೆ ಸಾಕು, ಮಾನ ಉಳಿಯುತ್ತದೆ. ಆದರೆ ಅಂಥದೇ ಒಂದು ಮಾತನ್ನು ಒಮ್ಮೆ ಮನೆಗೂ ತಂದು ಒಂಬತ್ತು ವರ್ಷದ ಮಗಳಿಗೆ ಹೇಳಿದೆ. ಮೂವತ್ತು ವರ್ಷದ ಮೇಲೆ, ಹೋದ ಭಾನುವಾರ ಮಧ್ಯಾಹ್ನ, ಅದು ಸಿಕ್ಕಿಬೀಳುವ ಹಂತಕ್ಕೆ ಬಂತು.

ಆದದ್ದು ಇಷ್ಟು. ಹಡಗಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಗಿರಾಕಿಯೊಬ್ಬ ಆಗ ಅಂಗೈಯಗಲದ ಬೂದು ಬಣ್ಣದ ವಿಡಿಯೊ ಗೇಮ್ ಒಂದನ್ನು ತಂದು ಮೇಜಿನ ಮೇಲಿಟ್ಟ. “ಪರದೆಯ ಮೇಲ್ಗಡೆ ಎರಡು ಗೆರೆ ಹೋಗಿವೆ. ಸರಿಯಾದ್ರೆ ನಿಮ್ಮ ಮಗಳಿಗೇ ಇರ್ಲಿ, ನನ್ನ ಹುಡುಗ್ರು ದೊಡ್ಡವರಾಗಿಬಿಟ್ರು” ಎಂದ. ಎರಡೇ ಗೆರೆ. ಹಾಗೇ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಬಿಚ್ಚದೆ ಬಿಡುವ ಜಾಯಮಾನ ನನ್ನದಲ್ಲ. ಪರದೆಯ ಪಕ್ಕದಲ್ಲಿ ಕಾಗದದಷ್ಟು ತೆಳುವಾದ ಒಂದು ಪಟ್ಟಿ ಅಂಟಿಕೊಂಡಿರುತ್ತದೆ. ಅದು ಸ್ವಲ್ಪ ಎದ್ದರೆ ಗೆರೆ ಸತ್ತು, ಅಲ್ಲಿ ಚಿತ್ರ ಮೂಡುವುದಿಲ್ಲ. ತಂತಿ ಬೆಸೆಯುವ ಸಾಲ್ಡರಿಂಗ್ ಐರನ್ನಿನ ಬಿಸಿಯನ್ನು ಒಂದೇ ಸೆಕೆಂಡು ಮುಟ್ಟಿಸಿ ತೆಗೆದರೆ ಮತ್ತೆ ಕೂತುಕೊಳ್ಳುತ್ತದೆ. ನಾನು ಮುಟ್ಟಿಸಿದೆ. ಅದೇ ಗಳಿಗೆಯಲ್ಲಿ ಫೋನು ಬಡಿದುಕೊಂಡಿತು, ನಾನು ಆ ಕಡೆ ತಿರುಗಿದೆ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಕೈ ಎಳೆದುಕೊಂಡರೆ, ಪರದೆಯ ಮೇಲಿನ ಮೂರನೇ ಒಂದು ಭಾಗವೇ ಸತ್ತುಹೋಗಿತ್ತು. ಅಳೆದು ನೋಡಿದೆ, ಒಂದು ಬೆರಳಗಲ.

ಗೇಮು ನಿನಗೇ ಎಂದು ಮಗಳಿಗೆ ಆಗಲೇ ಹೇಳಿಬಿಟ್ಟಿದ್ದೆ, ಅವಳು ಸ್ಕೂಲಿನಿಂದ ಓಡಿಕೊಂಡು ಬರುವುದರಲ್ಲಿದ್ದಳು. ಸ್ಕೇಲಿಟ್ಟು ಕಪ್ಪು ಟೇಪು ಕತ್ತರಿಸಿ ಸತ್ತ ಜಾಗದ ಮೇಲೆ ಅಂಟಿಸಿದೆ. ಕೆಲಸ ಎಷ್ಟು ನೀಟಾಗಿತ್ತೆಂದರೆ ಕಂಪನಿಯಿಂದಲೇ ಹಾಗೆ ಬಂದಂತೆ ಕಾಣುತ್ತಿತ್ತು.

“ಅಪ್ಪ, ಮೇಲೆ ಯಾಕೆ ಕಪ್ಪು?” ಎಂದು ಪುಟ್ಟಿ ಕೇಳಿದಳು.

“ಈ ಮಾಡೆಲ್ಲೇ ಹಾಗೆ ಪುಟ್ಟಿ. ಈ ಆಟದಲ್ಲಿ ಮೇಲುಗಡೆ ಏನೂ ಇರಲ್ಲ.”

ಅವಳು ತಲೆಯಾಡಿಸಿದಳು. ಊರಿನ ಅರ್ಧ ರೇಡಿಯೊಗಳಿಗೆ ಜೀವ ಕೊಟ್ಟ ಅಪ್ಪ ಹೇಳಿದ ಮೇಲೆ ಮುಗಿಯಿತು.

ಆ ಗೇಮಿನಲ್ಲಿ ಕೋಲು ಹಿಡಿದ ಒಬ್ಬ ಪುಟಾಣಿ ಹುಡುಗಿ ಕಾಡು, ಸುರಂಗ, ಮುಳುಗಿದ ಪಟ್ಟಣ ಎಲ್ಲ ದಾಟಿ ಹೋಗಬೇಕು. ಪುಟ್ಟಿ ಅವಳಿಗೆ ಕೋಲಮ್ಮ ಎಂದು ಹೆಸರಿಟ್ಟಳು. ಹಾರಿದಾಗಲೆಲ್ಲ ಕೋಲಮ್ಮ ಸೊಂಟದವರೆಗೆ ಕತ್ತಲೆಯೊಳಗೆ ಹೋಗಿ ಮತ್ತೆ ಕೆಳಗೆ ಬರುತ್ತಿದ್ದಳು. ಮೇಲಿನಿಂದ ಬರುವ ಹಕ್ಕಿ, ಬೀಳುವ ಕಲ್ಲು ಯಾವುದೂ ಮಗಳಿಗೆ ಮೊದಲೇ ಕಾಣುತ್ತಿರಲಿಲ್ಲ. ಆದರೂ ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡು, ಹಟ ಹಿಡಿದು ಕೊನೆಯ ಹಂತದವರೆಗೆ ಹೋದಳು. ಅಲ್ಲಿದ್ದವು ಎರಡು ಪಾದ. ಒಂದೊಂದೂ ಮನೆಯಷ್ಟು ದೊಡ್ಡದು. ಮಂಡಿಯಿಂದ ಮೇಲೆ ನನ್ನ ಟೇಪು.

ಎರಡು ವರ್ಷ ಅವಳು ಆ ಪಾದಗಳಿಗೆ ಕೋಲಿನಿಂದ ಹೊಡೆದಳು. ಊಟಕ್ಕೆ ಕರೆದರೂ ಹೊಡೆಯುತ್ತಿದ್ದಳು. ಪಾದ ಕದಲಲಿಲ್ಲ, ತಿರುಗಿ ಒದೆಯಲೂ ಇಲ್ಲ. ಒಂದು ದಿನ ಗೇಮನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟು, “ನಂಗೆ ಅಷ್ಟು ಬುದ್ಧಿ ಇಲ್ಲ ಅಪ್ಪ” ಎಂದು ಹೇಳಿ ಹೋದಳು. ಅಳಲಿಲ್ಲ. ಅತ್ತಿದ್ದರೆ ಅಂದೇ ಬಾಯಿ ಬಿಡುತ್ತಿದ್ದೆನೇನೋ. ಬಿಡಲಿಲ್ಲ. ಪೇಟೆಯಲ್ಲಿ ಹೆಸರಿದ್ದ ಮೆಕ್ಯಾನಿಕ್ಕು, ಮಗಳ ಆಟದ ಸಾಮಾನನ್ನೇ ಸುಟ್ಟ ಎಂದು ಅವಳ ಬಾಯಲ್ಲಿ ಕೇಳಲು ನನ್ನಿಂದ ಆಗಲಿಲ್ಲ.

ಈಗ ಪುಟ್ಟಿಗೆ ಮೂವತ್ತೊಂಬತ್ತು. ಸಿಟಿ ಬಸ್ಸು ಓಡಿಸುತ್ತಾಳೆ. ಹನ್ನೆರಡು ಮೀಟರಿನ ಬಸ್ಸನ್ನು ಗಲ್ಲಿಯಲ್ಲಿ ತಿರುಗಿಸಿದರೆ ಪಕ್ಕದ ಗೋಡೆಯ ಸುಣ್ಣ ಕೂಡ ಉದುರುವುದಿಲ್ಲ. ಇಂಥವಳು ಈಗಲೂ ಯಾವುದಾದರೂ ಕಷ್ಟದ ಕೆಲಸ ಎದುರಾದರೆ, “ನಂದು ಬರೀ ಕಾಲಿಗೆ ಹೊಡೆಯೋ ಬುದ್ಧಿ” ಎಂದು ನಗುತ್ತಾಳೆ. ಎಲ್ಲರೂ ನಗುತ್ತಾರೆ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಭಾನುವಾರ ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ ಮನೆಗೆ ಬಂದಳು. ಕೈಯಲ್ಲೊಂದು ಹೊಸ ಗೇಮು. ಪರದೆಯೇ ನನ್ನ ಎರಡು ಅಂಗೈಯಷ್ಟಿತ್ತು.

“ಅಪ್ಪ, ಬಾ ಇಲ್ಲಿ. ಕೋಲಮ್ಮನ ಎರಡನೇ ಭಾಗ ಬಂದಿದೆ! ಮೂವತ್ತು ವರ್ಷ ಆದ್ಮೇಲೆ!”

“ಚೆನ್ನಾಗಿರಲ್ಲ ಬಿಡು. ಎರಡನೇ ಭಾಗ ಯಾವುದು ತಾನೇ ಚೆನ್ನಾಗಿರುತ್ತೆ?” ಎಂದೆ.

“ನೋಡದೇನೆ?”

“ಕಣ್ಣು ಉರಿಯುತ್ತೆ ನಂಗೆ.”

“ಬೆಳಗ್ಗಿಂದ ಟೀವಿ ನೋಡುವಾಗ ಉರೀಲಿಲ್ವಾ?” ಎಂದು ನನ್ನವಳು ಅಡುಗೆಮನೆಯಿಂದಲೇ ಬತ್ತಿ ಇಟ್ಟಳು. ಅವಳಿಗೂ ಆ ಟೇಪಿನ ವಿಷಯ ಗೊತ್ತಿರಲಿಲ್ಲ. ವಿಧಿಯಿಲ್ಲದೆ ಸೋಫಾದ ಮೇಲೆ ಮಗಳ ಪಕ್ಕ ಕೂತೆ. ಪರದೆಯ ಮೇಲ್ಭಾಗ ಇಂದು ತೆರೆದಿರುತ್ತದೆ. ಅಲ್ಲಿ ಏನು ಕಂಡರೂ ನನ್ನ ಸುಳ್ಳು ಹೊರಗೆ ಬಿದ್ದಂತೆಯೇ.

ಗೇಮು ಶುರುವಾಯಿತು. ಮೊದಲು ಹಳೆಯ ಕಥೆಯನ್ನೇ ತೋರಿಸಿದರು, ಆ ಹಳೆಯ ಪರದೆಯ ಪಾಚಿ ಹಸಿರಿನಲ್ಲೇ. ಅದೇ ಕಾಡು, ಅದೇ ಸುರಂಗ. ಆದರೆ ಕಾಡಿನ ಮೇಲೆ ಆಕಾಶವಿತ್ತು. ಆಕಾಶದ ತುಂಬ ಗಾಳಿಪಟಗಳಂತೆ ತೇಲುವ ಮನೆಗಳು, ಮನೆಗಳಿಂದ ಇಳಿಬಿದ್ದ ಹಗ್ಗಗಳು, ಕಿಟಕಿಯಲ್ಲಿ ನಿಂತು ಕೋಲಮ್ಮನತ್ತ ಕೈ ಬೀಸುವ ಸಣ್ಣ ಸಣ್ಣ ಜನ. ಮುಳುಗಿದ ಪಟ್ಟಣದ ಮೇಲೆ ನೀರು, ನೀರಿನ ಮೇಲೆ ದೋಣಿಗಳ ತಳಗಳು ಸಾಲಾಗಿ ಹೋಗುತ್ತಿದ್ದವು. ನಾವು ಎರಡು ವರ್ಷ ಒಂದು ಊರಿನ ಚರಂಡಿಯಲ್ಲಿ ಓಡಾಡಿ, ಊರು ನೋಡಿದೆವು ಎಂದುಕೊಂಡಿದ್ದೆವು. ಹೆದರಿಕೆಯನ್ನೂ ಮರೆತು, “ಅಬ್ಬಾ!” ಎಂದುಬಿಟ್ಟೆ.

“ಎಷ್ಟು ಚೆಂದ ಮಾಡಿದಾರೆ ಅಲ್ವಾ ಅಪ್ಪ?” ಎಂದಳು ಪುಟ್ಟಿ. ಅವಳ ಕಣ್ಣು ಅರಳಿತ್ತು. “ನಮ್ಮದರಲ್ಲಿ ಮೇಲೆ ಏನೂ ಇರ್ಲಿಲ್ಲ. ಈಗ ಹೊಸದಾಗಿ ಸೇರಿಸಿದಾರೆ.”

ಕೇಳಿದಿರಲ್ಲ? ಹೊಸದಾಗಿ ಸೇರಿಸಿದ್ದಾರಂತೆ. ನನ್ನ ಮೇಲೆ ಒಂದಿಷ್ಟೂ ಅನುಮಾನವಿಲ್ಲ. ಯಾರೋ ಬಂದು ಕೊರಳಿನ ಹಗ್ಗ ಸಡಿಲಿಸಿದಂತಾಯಿತು. ಸೋಫಾಕ್ಕೆ ಒರಗಿ ಕೂತು, ಹೆಂಡತಿ ತಂದಿಟ್ಟ ಟೀ ಕೂಡ ಕುಡಿಯತೊಡಗಿದೆ.

ಹಳೆಯ ಕಥೆಯ ಕೊನೆಯ ಹಂತ ಬಂತು, ಅಲ್ಲಿಂದ ಆಟ ಪುಟ್ಟಿಯ ಕೈಗೆ ಸಿಕ್ಕಿತು. ಎರಡು ಪಾದ, ಮೊಣಕಾಲು, ತೊಡೆ. ಮೇಲೆ ಹೋದಷ್ಟೂ ಮುಗಿಯದ ಒಂದು ಮೈ. ಬೆನ್ನು ಬಗ್ಗಿಸಿ ನಿಂತ ದೈತ್ಯ. ಒಂದು ಕೈಯಲ್ಲಿ ತಲೆಯ ಮೇಲಿನ ಬೆಟ್ಟವನ್ನು ಬೀಳದಂತೆ ಹಿಡಿದಿದ್ದ. ಗುಂಯ್ ಎಂಬ ಸದ್ದು ಬರುತ್ತಿತ್ತು. ಹಳೆಯದರಲ್ಲೂ ಈ ಸದ್ದಿತ್ತು. ಸ್ಪೀಕರಿನ ದೋಷವೆಂದು ನಾನು ಎರಡು ಸಲ ಬಿಚ್ಚಿ ನೋಡಿದ್ದೆ. ಈಗ ದೈತ್ಯನ ಎದೆ ಏರಿ ಇಳಿಯುವುದಕ್ಕೂ ಸದ್ದು ಏರಿ ಇಳಿಯುವುದಕ್ಕೂ ತಾಳೆಯಾಯಿತು. ಅದು ಅವನ ಉಸಿರು. ಉಸಿರಾಟವನ್ನು ರಿಪೇರಿ ಮಾಡಲು ಹೋದ ಬೃಹಸ್ಪತಿ ನಾನು.

ಅವನ ಇನ್ನೊಂದು ಕೈ ಕೆಳಗೆ ಚಾಚಿತ್ತು. ಕೋಲಮ್ಮನ ತಲೆಯ ಮೇಲೆ ಸರಿಯಾಗಿ ಒಂದು ಬೆರಳಗಲ ಎತ್ತರದಲ್ಲಿ, ಅಂಗೈ ಬಿಚ್ಚಿ, ‘ಹತ್ತು ಬಾ’ ಎನ್ನುವಂತೆ.

ಪುಟ್ಟಿಯ ಹೆಬ್ಬೆರಳು ನಿಂತಿತು. “ಅವನು ಹತ್ತಿಸ್ಕೊಳ್ಳೋನು” ಎಂದಳು, ತನಗೆ ತಾನೇ. “ಹೊಡೆಯೋಕಲ್ಲ ಅವನಿರೋದು.” ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. “ನಮ್ಮದರಲ್ಲೂ ಹೀಗೊಂದು ಕೈ ಇಟ್ಟಿದ್ರೆ ಮುಗಿಸ್ತಿದ್ದೆ ಕಣಪ್ಪ. ನಿಜ್ವಾಗ್ಲೂ ನಂಗೆ ತಲೆ ಇಲ್ಲ ಅಂದ್ಕೊಂಡಿದ್ದೆ. ಇವತ್ತಿಗೂ ಹಾಗೇ ಅನ್ಸುತ್ತೆ.”

ಇಲ್ಲಿಗೆ ಸುಮ್ಮನಿದ್ದರೆ ನಾನು ಗೆದ್ದಂತೆ. ಸಾಯುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಚಾಚಿದ ಕೈ ನೋಡುತ್ತಾ ಟೀ ಲೋಟ ಕೆಳಗಿಟ್ಟೆ.

“ಇಟ್ಟಿದ್ರು” ಎಂದೆ.

“ಏನು?”

“ಕೈ. ಅದ್ರಲ್ಲೂ ಇಟ್ಟಿದ್ರು. ಆಕಾಶಾನೂ ಇತ್ತು, ಮನೆಗಳೂ ಇದ್ವು. ಪರದೆ ಸುಟ್ಟಿತ್ತು, ಅದಕ್ಕೆ ಟೇಪ್ ಹಚ್ಚಿದ್ದೆ.”

“ಸುಟ್ಟಿತ್ತು ಅಂದ್ರೆ?”

ನೋಡಿ, ಆಗಲೂ ನನ್ನ ಬಾಯಿಗೆ ‘ಸುಟ್ಟಿತ್ತು’ ಎಂದೇ ಬಂದದ್ದು, ತನ್ನಷ್ಟಕ್ಕೆ ತಾನೇ ಸುಟ್ಟುಕೊಂಡ ಹಾಗೆ. “ನಾನೇ ಸುಟ್ಟೆ” ಎಂದೆ. ಐರನ್ನು, ಫೋನು, ವಾಸನೆ, ಸ್ಕೇಲು, ಟೇಪು ಎಲ್ಲವನ್ನೂ ಗಿರಾಕಿಗೆ ವಿವರಿಸುವಂತೆ ವರದಿ ಒಪ್ಪಿಸಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನವಳು ಬಾಗಿಲಿಗೆ ಬಂದು, ಕೈಯಲ್ಲಿ ಸೌಟು ಹಿಡಿದು ನನ್ನನ್ನೇ ನೋಡುತ್ತಾ ನಿಂತಳು.

ಪುಟ್ಟಿ ಮತ್ತೆ ಪರದೆಯತ್ತ ತಿರುಗಿದಳು. ಪರದೆಯ ಮೇಲೆ ಕೋಲಮ್ಮ ಕಾಯುತ್ತಾ ಕಾಲು ಬದಲಿಸುತ್ತಿದ್ದಳು.

“ನಾನು ಹೊಡೀತಿದ್ದಾಗೆಲ್ಲ ಈ ಕೈ ಇಲ್ಲೇ ಇತ್ತಾ?”

“ಇತ್ತು.”

“ಎರಡು ವರ್ಷ?”

“ಹೂಂ.”

“ಇನ್ನೂ ಯಾವ್ಯಾವುದರ ಮೇಲೆ ಟೇಪ್ ಹಚ್ಚಿದೀಯ ಅಪ್ಪ?”

“ಇನ್ಯಾವುದೂ ಇಲ್ಲ” ಎಂದೆ. ಟಿಕೆಟ್ ಗಾಳಿಗೆ ಹಾರಿಹೋಯಿತು ಎನ್ನುವ ಪ್ರಯಾಣಿಕನನ್ನು ನೋಡುವಂತೆ ನನ್ನನ್ನು ನೋಡಿದಳು. ಆ ನೋಟ ನನಗೆ ತಕ್ಕದ್ದೇ, ದೂರುವ ಮುಖ ನನಗಿಲ್ಲ.

ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಗೇಮನ್ನು ನನ್ನ ಕೈಗಿಟ್ಟಳು. “ಹತ್ತಿಸು.”

“ನಂಗೆ ಬರಲ್ಲ ಪುಟ್ಟಿ.”

“ನಂಗೂ ಬರ್ತಿರ್ಲಿಲ್ಲ. ಹತ್ತಿಸು.”

ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳನ್ನು ಬೆಸೆದ ಬೆರಳುಗಳು ನನ್ನವು. ಆ ದಿನ ಎರಡು ಗುಂಡಿ ಒತ್ತಲು ತಡಕಾಡಿದವು. ಕೋಲಮ್ಮ ಹಾರಿದಳು, ಅಂಗೈಗೆ ತಾಗಿ ಬಿದ್ದಳು. ಮತ್ತೆ ಹಾರಿದಳು, ಮತ್ತೆ ಬಿದ್ದಳು. ಮಗಳು ಸುಮ್ಮನೆ ನೋಡುತ್ತಿದ್ದಳು, ಒಂದು ಮಾತಿನ ಸಹಾಯವೂ ಇಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಬಿದ್ದಾಗ ನನಗೆ ಹೊಳೆಯಿತು: ಹುಡುಗಿಯ ಎರಡೂ ಕೈ ಕೋಲನ್ನು ಹಿಡಿದಿವೆ, ಹಿಡಿದುಕೊಳ್ಳುವುದು ಯಾವುದರಿಂದ? ಇನ್ನೊಂದು ಗುಂಡಿ ಒತ್ತಿದೆ. ಕೋಲಮ್ಮ ಬಗ್ಗಿ, ಕೋಲನ್ನು ಪಾದದ ಪಕ್ಕ ಮೆಲ್ಲಗೆ ಇಟ್ಟಳು. ಹಾರಿದಳು. ಬೆರಳಿನ ತುದಿ ಸಿಕ್ಕಿತು.

ಅಂಗೈ ಮಡಿಚಿಕೊಂಡಿತು. ಆಮೇಲೆ ಮೇಲೇರತೊಡಗಿತು.

ಅದನ್ನು ಹೇಗೆ ಹೇಳಲಿ? ಕೈ ಏರಿದಂತೆ ಪಾಚಿ ಹಸಿರು ಕೆಳಗೆ ಉಳಿಯಿತು, ಬಣ್ಣಗಳು ಒಂದೊಂದಾಗಿ ಬಂದವು. ಮೊದಲು ಮಣ್ಣಿನ ಬಣ್ಣ, ಆಮೇಲೆ ಎಲೆ, ಆಮೇಲೆ ನೀಲಿ. ಹೊಟ್ಟೆ ದಾಟಿತು, ಎದೆ ದಾಟಿತು, ಭುಜದ ಮೇಲೆ ಒಂದು ಇಡೀ ಕಾಡೇ ಬೆಳೆದಿತ್ತು. ಆ ಕಾಡಿನಲ್ಲಿ ಜಿಂಕೆಗಳು ತಲೆಯೆತ್ತಿ ನೋಡಿದವು. ತೇಲುವ ಮನೆಗಳು ಪಕ್ಕದಲ್ಲೇ ಹಾದುಹೋದವು, ಅವುಗಳ ಒಲೆಯ ಹೊಗೆ ಕೂಡ ಕಾಣುತ್ತಿತ್ತು. ನನ್ನವಳು ಸೌಟು ಹಿಡಿದುಕೊಂಡೇ ಬಂದು ಸೋಫಾದ ಹಿಂದೆ ನಿಂತು ಬಗ್ಗಿದಳು. ಎಪ್ಪತ್ತೆರಡು ವರ್ಷ ಬದುಕಿದ್ದೇನೆ, ಪೆಟ್ಟಿಗೆಯೊಳಗಿನಿಂದ ಹಾಡು ಬರುವುದನ್ನು ಮೊದಲ ಸಲ ಕೇಳಿದ ದಿನವೂ ನನಗೆ ಇಷ್ಟು ಬೆರಗಾಗಿರಲಿಲ್ಲ. ಇಷ್ಟನ್ನೂ ನಾನು ಒಂದು ಬೆರಳಗಲದಲ್ಲಿ ಮುಚ್ಚಿಟ್ಟಿದ್ದೆ.

ಕೊನೆಗೆ ಮುಖ ಬಂತು. ರಾಕ್ಷಸನ ಮುಖವಲ್ಲ. ಮುದಿಯಾದ, ಸುಸ್ತಾದ ಮುಖ. ಕಣ್ಣು ಮುಚ್ಚಿತ್ತು. ಅಂಗೈ ಹತ್ತಿರ ಬಂದಾಗ ಅವನು ಕಣ್ಣು ತೆರೆದು, ಕೋಲಮ್ಮನನ್ನು ನೋಡಿ, ಬಂದೆಯಾ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ.

ಪುಟ್ಟಿ ಮುಂದೆ ಬಗ್ಗಿ ಅವನ ಕೆನ್ನೆಯ ಮೇಲೆ ಬೆರಳಿಟ್ಟಳು. “ತಪ್ಪಾಯ್ತು” ಎಂದಳು, ಅವನಿಗೆ. ಎರಡು ವರ್ಷ ಹೊಡೆದದ್ದಕ್ಕೆ.

ಐರನ್ನಿನಿಂದ ಹಿಡಿದು ಟೇಪಿನವರೆಗೆ ಎಲ್ಲ ಹೇಳಿದ್ದೆ, ಈ ಒಂದು ಮಾತು ಮಾತ್ರ ನನ್ನ ಬಾಯಿಂದ ಬಂದಿರಲಿಲ್ಲ.

“ತಪ್ಪಾಯ್ತು” ಎಂದೆ ನಾನೂ.

ಯಾರಿಗೆ ಎಂದು ಅವಳು ಕೇಳಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ, ಸ್ವಲ್ಪ ಸರಿದು ನನ್ನ ಭುಜಕ್ಕೆ ಒರಗಿ ಕೂತಳು.